ಸೊನ್ನೆ ಹೊಡೆದ ಹುಡುಗ

ಶಿವಮೊಗ್ಗದಲ್ಲಿ ಬಸ್ಸು ಹತ್ತಿದರೆ ಭದ್ರಾವತಿ ದೂರವೇನಲ್ಲ. ಕಬ್ಬಿಣದ ಕಾರ್ಖಾನೆಯಿಂದ ಹೆಸರಾದ ಊರು. ಗುಂಡಪ್ಪ ವಿಶ್ವನಾಥ್ ಹುಟ್ಟಿದ್ದು ಇಲ್ಲೇ, 1949ರಲ್ಲಿ. ಆಳು ಗಿಡ್ಡ, ಕ್ರಿಕೆಟ್ಟಿನಲ್ಲಿ ಗಟ್ಟಿಗ. ಅಕ್ಕಂದಿರೇ, ಇದು ಗಂಡುಮಕ್ಕಳ ಆಟದ ಸುದ್ದಿ ಅಂತ ಪುಟ ತಿರುಗಿಸಬೇಡಿ!

1967ರಲ್ಲಿ ಅವರು ಮೈಸೂರು ತಂಡ ಸೇರಿದರು. ಮೊದಲ ಪಂದ್ಯದಲ್ಲೇ 230 ರನ್ ಹೊಡೆದರು.

1969ರಲ್ಲಿ ಭಾರತ ತಂಡದಿಂದ ಕರೆ ಬಂತು. ಆಗ ವಯಸ್ಸು ಇಪ್ಪತ್ತು. ಕಾನ್ಪುರದಲ್ಲಿ ಆಸ್ಟ್ರೇಲಿಯಾ ಎದುರು ಆಟ. ಬ್ಯಾಟು ಹಿಡಿದು ಹೋದರು. ಒಂದು ರನ್ನೂ ಬರಲಿಲ್ಲ. ಸೊನ್ನೆ! ಅಷ್ಟು ಜನರ ಮುಂದೆ ಬರಿಗೈಲಿ ವಾಪಸು ಬರೋದು ಅಂದರೆ ಸುಮ್ಮನೆ ಮಾತೇ? ಹೊಸಬರನ್ನು ತಂಡದಿಂದ ಕೈಬಿಡಲು ಅಷ್ಟೇ ಸಾಕು.

ಆದರೆ ಟೆಸ್ಟ್ ಅಂದರೆ ಐದು ದಿನದ ಆಟ. ಒಬ್ಬೊಬ್ಬರಿಗೂ ಎರಡು ಸಲ ಬ್ಯಾಟು ಹಿಡಿಯಲು ಅವಕಾಶ ಉಂಟು. ನಾಯಕ ಪಟೌಡಿ ಹುಡುಗನಿಗೆ ಧೈರ್ಯ ಹೇಳಿದರು. ಎರಡನೇ ಸಲ ವಿಶ್ವನಾಥ್ ಬೇಗ ಔಟಾಗಲಿಲ್ಲ. ಹೊಡೆದದ್ದು 137 ರನ್! ನೂರು ರನ್ನಿಗೆ ಶತಕ ಅನ್ನುತ್ತಾರೆ.

ಆಮೇಲೆ 1983ರವರೆಗೆ ಆಡಿದರು. ಒಟ್ಟು 91 ಟೆಸ್ಟ್, 14 ಶತಕ. ಅವರು ಶತಕ ಹೊಡೆದ ಯಾವ ಟೆಸ್ಟನ್ನೂ ಭಾರತ ಸೋಲಲಿಲ್ಲ.