ನವೆಂಬರ್ ಒಂದು
ಬೇರೆ ಬೇರೆ ವರ್ಷಗಳ ಘಟನೆಗಳು ಒಂದೇ ದಿನಾಂಕದಲ್ಲಿ ಕೂಡಿಬಂದರೆ ಅದನ್ನು ಕಾಕತಾಳೀಯವೆನ್ನುವುದು ವಾಡಿಕೆ. ನವೆಂಬರ್ 1ರ ಸಂಗತಿ ಹಾಗಲ್ಲ. 1956ರ ಆ ದಿನ ನಮ್ಮ ಭೂತನಾಳವು ಬಿಜಾಪುರ ಜಿಲ್ಲೆಯೊಡನೆ ಮುಂಬಯಿ ರಾಜ್ಯವನ್ನು ಬಿಟ್ಟು ವಿಶಾಲ ಮೈಸೂರನ್ನು ಸೇರಿತು. 1973ರ ಅದೇ ದಿನ ಮೈಸೂರು ರಾಜ್ಯವು ಕರ್ನಾಟಕವೆನಿಸಿತು. 2014ರ ಅದೇ ದಿನ ಬಿಜಾಪುರವು ವಿಜಯಪುರವಾಯಿತು. ಮೊದಲನೆಯದು ರಾಜ್ಯ ಪುನರ್ವಿಂಗಡಣಾ ಕಾಯಿದೆ ಗೊತ್ತುಮಾಡಿದ ದಿನ. ಉಳಿದೆರಡು, ಆ ನೆನಪಿಗೆಂದೇ ನಾವು ಆರಿಸಿಕೊಂಡವು.

ಆದರೆ 1956ರ ಅದೇ ದಿನ ಕಾಸರಗೋಡು ಕೇರಳಕ್ಕೆ ಸೇರಿತು. ನಮ್ಮ ನೆರೆಯ ಜತ್ತ, ಅಕ್ಕಲಕೋಟೆಗಳು ಮುಂಬಯಿ ರಾಜ್ಯದಲ್ಲಿಯೇ ಉಳಿದವು. ನಮಗೆ ಕೂಡಿದ ದಿನವಾದದ್ದು ಗಡಿಯಾಚೆಯ ಕನ್ನಡಿಗರಿಗೆ ಅಗಲಿದ ದಿನವಾಯಿತು. ರಾಜ್ಯೋತ್ಸವದಲ್ಲಿ ಅವರನ್ನೂ ನೆನೆಯುವುದು ನಮ್ಮ ಕರ್ತವ್ಯ.