ಹೌದು, ನಾನು ಗೆಣಸು ಕೀಳ್ತೀನಿ!

ಡಿಗ್ರಿ ಮುಗಿಸಿ ಕೆಲಸಕ್ಕೆ ಕಾಯುತ್ತಿರುವವರಿಗೆ ಈ ಪ್ರಶ್ನೆ ಹೊಸದೇನಲ್ಲ: ‘ಏನ್ ಗೆಣಸು ಕೀಳ್ತಿದ್ದೀಯಾ?’ ಮದುವೆ ಮನೆಯಲ್ಲೋ, ಬೆಂಗಳೂರಿಗೆ ಹೋಗಿ ಸೆಟ್ಲ್ ಆದ ಗೆಳೆಯರ ವಾಟ್ಸ್‌ಆ್ಯಪ್ ಗ್ರೂಪಿನಲ್ಲೋ ನೀವೂ ಕೇಳಿಸಿಕೊಂಡಿರುತ್ತೀರಿ. ಉಪಯೋಗಕ್ಕೆ ಬಾರದ ಕೆಲಸ ಅನ್ನುವುದಕ್ಕೆ ನಮ್ಮ ಜನ ಆರಿಸಿಕೊಂಡ ಮಾತು ಅದು. ನನ್ನ ಮಟ್ಟಿಗೆ ಉತ್ತರ ಸುಲಭ. ನಾನು ನಿಜವಾಗಿಯೂ ಗೆಣಸು ಕೀಳುತ್ತೇನೆ.

ನಮ್ಮದು ಬೆಳಗಾವಿ ತಾಲ್ಲೂಕಿನ ಒಂದು ಹಳ್ಳಿ. ಪಕ್ಕದ ಖಾನಾಪುರವೂ ಸೇರಿ ಗೆಣಸಿಗೆ ಹೆಸರಾದ ಸೀಮೆ ಇದು. ಮರಾಠಿ ಮಾತಾಡುವ ನೆರೆಮನೆಯವರು ಇದನ್ನೇ ‘ರತಾಳೆ’ ಅನ್ನುತ್ತಾರೆ. ಬಿ.ಎಸ್ಸಿ ಮುಗಿಸಿ ಧಾರವಾಡದಲ್ಲಿ ರೂಮು ಮಾಡಿಕೊಂಡು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇನೆ. ನೋಟಿಫಿಕೇಶನ್ ಯಾವಾಗ ಬರುತ್ತದೋ, ಪರೀಕ್ಷೆ ಯಾವಾಗ ಮುಂದಕ್ಕೆ ಹೋಗುತ್ತದೋ ಗೊತ್ತಿಲ್ಲ. ರೂಮಿನ ಬಾಡಿಗೆ, ಮೆಸ್ ಬಿಲ್ಲು ಮಾತ್ರ ಒಂದು ತಿಂಗಳೂ ಮುಂದಕ್ಕೆ ಹೋಗುವುದಿಲ್ಲ. ಅದನ್ನು ಕಟ್ಟುತ್ತಿರುವುದು ನಮ್ಮ ಒಂದು ಎಕರೆ ಕೆಂಪು ನೆಲದ ಗೆಣಸು.

ಇದಕ್ಕೆ ಬೀಜ ಬೇಕಿಲ್ಲ. ಬಳ್ಳಿಯ ತುದಿಯನ್ನು ಗೇಣುದ್ದ ಕತ್ತರಿಸಿ ಜೂನ್-ಜುಲೈ ಮಳೆಗೆ ಏರಿನ ಮೇಲೆ ನೆಟ್ಟರೆ ಸುಮಾರು ನಾಲ್ಕು ತಿಂಗಳಿಗೆ ಬೆಳೆ ಕೈಗೆ ಬರುತ್ತದೆ. ಹಾಗಂತ ನೆಟ್ಟು ಮಲಗುವಂತಿಲ್ಲ. ಬಳ್ಳಿ ಹಬ್ಬಿದಲ್ಲೆಲ್ಲ ಗೆಣ್ಣಿಗೊಂದು ಬೇರು ಬಿಡುತ್ತದೆ. ಸುಮ್ಮನೆ ಬಿಟ್ಟರೆ ಬುಡದ ಗೆಡ್ಡೆಗೆ ಹೋಗಬೇಕಾದ ಶಕ್ತಿ ಹರಿದು ಹಂಚಿಹೋಗುತ್ತದೆ. ಅದಕ್ಕೇ ಬಳ್ಳಿಯನ್ನು ಎತ್ತಿ ಮಗುಚಿ ಹಾಕಬೇಕು. ಮಣ್ಣು ಬಿರುಕು ಬಿಟ್ಟರೆ ಮೂತಿ ಹುಳ ಅಲ್ಲಿಂದಲೇ ಒಳಗಿಳಿಯುತ್ತದೆ. ಅದು ಕೊರೆದ ಗೆಡ್ಡೆ ಕಹಿ. ಹಾಗಾಗಿ ಬುಡಕ್ಕೆ ಮಣ್ಣು ಏರಿಸುತ್ತಲೇ ಇರಬೇಕು.

ಕೀಳುವ ಮೊದಲು ಅವ್ವ ಒಂದು ಗೆಡ್ಡೆ ಕೊಯ್ದು ಬಿಸಿಲಿಗಿಡುತ್ತಾಳೆ. ಕೊಯ್ದ ಜಾಗ ಒಣಗಿ ತಿಳಿಯಾಗಿ ಉಳಿದರೆ ಬಲಿತಿದೆ ಎಂದು ಅರ್ಥ. ಕಪ್ಪು ಹಸಿರಿಗೆ ತಿರುಗಿದರೆ ‘ಇನ್ನೂ ಎಳೇದೈತಿ, ತಡೀ’ ಅನ್ನುತ್ತಾಳೆ. ಕೀಳುವಾಗ ಗುದ್ದಲಿ ತಾಗಿ ಗಾಯವಾದ ಗೆಡ್ಡೆ ಬೇಗ ಕೊಳೆಯುತ್ತದೆ. ನಮ್ಮ ಮಾರುಕಟ್ಟೆಯ ಮಾಲು ದೆಹಲಿಯವರೆಗೂ ಲಾರಿಯಲ್ಲಿ ಹೋಗಬೇಕು, ಗಾಯವಾದದ್ದನ್ನು ವ್ಯಾಪಾರಿ ಪಕ್ಕಕ್ಕೆಸೆಯುತ್ತಾನೆ. ಗೇಲಿ ಮಾಡುವವರು ಒಂದು ಸಾಲನ್ನು ಗಾಯವಿಲ್ಲದೆ ಕಿತ್ತು ತೋರಿಸಲಿ, ಆಮೇಲೆ ಮಾತಾಡೋಣ.

ಜಿ.ಕೆ. ಓದುವವರಿಗೂ ಇದರಲ್ಲಿ ಸರಕಿದೆ. ಆಲೂಗಡ್ಡೆ ಕಾಂಡ, ಗೆಣಸು ಬೇರು. ಎರಡೂ ಅಮೆರಿಕ ಖಂಡಗಳ ಕಡೆಯಿಂದ ಬಂದವೇ ಆದರೂ ಹತ್ತಿರದ ಸಂಬಂಧಿಕರಲ್ಲ. 1963ರಲ್ಲಿ ಶುರುವಾದ ಕೇಂದ್ರೀಯ ಗೆಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆ ತಿರುವನಂತಪುರದಲ್ಲಿದೆ. ಕಿತ್ತಳೆ ತಿರುಳಿನ ‘ಭೂ ಸೋನಾ’, ನೇರಳೆ ತಿರುಳಿನ ‘ಭೂ ಕೃಷ್ಣ’ ತಳಿಗಳು ಅದರ ಕೊಡುಗೆ. ಕಿತ್ತಳೆ ಗೆಣಸಿನಲ್ಲಿ ವಿಟಮಿನ್ ‘ಎ’ಗೆ ಮೂಲವಾದ ಬೀಟಾ ಕೆರೋಟಿನ್ ಹೇರಳ. ಈ ಬಗೆಯ ಗೆಣಸನ್ನು ಆಫ್ರಿಕಾದ ಬಡವರ ತಟ್ಟೆಗೆ ತಲುಪಿಸಿದ ಮಾರಿಯಾ ಆಂಡ್ರಾಡೆ, ರಾಬರ್ಟ್ ಮ್ವಾಂಗಾ, ಜಾನ್ ಲೋ 2016ರ ವಿಶ್ವ ಆಹಾರ ಪ್ರಶಸ್ತಿ ಪಡೆದವರಲ್ಲಿ ಸೇರಿದ್ದಾರೆ.

ಇನ್ನು ತಿನ್ನುವ ವಿಷಯ. ಹಳೇ ಮೈಸೂರು ಕಡೆ ಸಂಕ್ರಾಂತಿಗೆ ಅವರೆಕಾಯಿ ಜೊತೆ ಬೇಯಿಸುತ್ತಾರೆ. ಶಿವರಾತ್ರಿ, ಏಕಾದಶಿಗಳಲ್ಲಿ ಉಪವಾಸದವರ ಆಸರೆ ಇದೇ. ನಮ್ಮನೆಯಲ್ಲಿ ಗೆಣಸಿನ ಹೋಳಿಗೆಯೂ ಆಗುತ್ತದೆ. ನನಗೆ ಮಾತ್ರ ಕೆಂಡದ ಬೂದಿಯಲ್ಲಿ ಹುಗಿದು ಸುಟ್ಟದ್ದೇ ಇಷ್ಟ. ನಿಧಾನವಾಗಿ ಬಿಸಿಯಾದರೆ ಒಳಗಿನ ಪಿಷ್ಟ ಸಕ್ಕರೆಯಾಗಲು ಸಮಯ ಸಿಗುತ್ತದೆ. ಕುಕ್ಕರಿನಲ್ಲಿ ಬೇಗ ಬೆಂದದ್ದು ಅಷ್ಟು ಸಿಹಿಯಾಗುವುದಿಲ್ಲ. ರೂಮಿನಲ್ಲಿರುವವರು ದಪ್ಪ ತವೆಯ ಮೇಲಿಟ್ಟು, ಮುಚ್ಚಳ ಮುಚ್ಚಿ, ಸಣ್ಣ ಉರಿಯಲ್ಲಿ ಸುಟ್ಟು ನೋಡಿ. ಸಂಜೆಯ ಬಿಸ್ಕತ್ತು ಪ್ಯಾಕೆಟ್ಟಿನ ಖರ್ಚು ಉಳಿಯುತ್ತದೆ, ಹೊಟ್ಟೆಯೂ ತುಂಬುತ್ತದೆ.

ಓದು ಬಿಟ್ಟು ಬೇಸಾಯಕ್ಕೆ ಬನ್ನಿ ಎಂದು ನಾನು ಹೇಳುತ್ತಿಲ್ಲ. ರೇಟು ಬಿದ್ದ ವಾರ ಕೂಲಿ, ಸಾಗಣೆ ಕಳೆದರೆ ಉಳಿಯುವುದು ಅಷ್ಟಕ್ಕಷ್ಟೇ. ಅಪ್ಪನಿಗೂ ನಾನು ನೌಕರಿ ಹಿಡಿಯಲಿ ಎಂಬ ಆಸೆಯಿದೆ, ನನಗೂ ಇದೆ. ಆದರೆ ಮನೆಗೆ ಹಣಕ್ಕಾಗಿ ಫೋನ್ ಮಾಡುವಾಗ ಈಗ ನನ್ನ ದನಿ ಕುಗ್ಗುವುದಿಲ್ಲ, ಅದರಲ್ಲಿ ನನ್ನ ದುಡಿಮೆಯೂ ಇದೆ. ಕೆಲಸಕ್ಕೆ ಕಾಯುವ ದಿನಗಳಲ್ಲಿ ಇಷ್ಟು ಧೈರ್ಯ ಸಣ್ಣದಲ್ಲ. ಹೊಲದಲ್ಲಿ ಬಳ್ಳಿ ಹಬ್ಬಿದೆ. ಮುಂದಿನ ಅರ್ಜಿಯ ಶುಲ್ಕ ಮಣ್ಣಿನೊಳಗೆ ದಪ್ಪವಾಗುತ್ತಿದೆ.