ನೋಂದಣಿಯಾದದ್ದು ಕಾಗದ, ಹಕ್ಕಲ್ಲ

ಜೀವಮಾನದ ಉಳಿತಾಯವನ್ನೂ ಮುಂದಿನ ಇಪ್ಪತ್ತು ವರ್ಷಗಳ ಸಂಬಳದ ದೊಡ್ಡ ಪಾಲನ್ನೂ ಕೆಲವು ಸಹಿಗಳಲ್ಲಿ ಅಪರಿಚಿತರೊಬ್ಬರಿಗೆ ಒಪ್ಪಿಸುವ ದಿನ ಮಧ್ಯಮ ವರ್ಗದ ಕುಟುಂಬಕ್ಕೆ ಬಹುಶಃ ಒಮ್ಮೆ ಮಾತ್ರ ಬರುತ್ತದೆ. ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ಹೆಬ್ಬೆಟ್ಟು ಒತ್ತಿ, ಭಾವಚಿತ್ರ ತೆಗೆಸಿಕೊಂಡು, ಮುದ್ರೆ ಬಿದ್ದ ಕ್ರಯಪತ್ರವನ್ನು ಹಿಡಿದು ಹೊರಬರುವಾಗ ‘ರಿಜಿಸ್ಟರ್ ಆಯಿತಲ್ಲ, ಇನ್ನು ಚಿಂತೆಯಿಲ್ಲ’ ಎಂಬ ನಿರಾಳ ಭಾವ ಮೂಡುತ್ತದೆ. ಈ ನಿರಾಳತೆಗೆ ಕಾನೂನಿನ ಆಧಾರ ಎಷ್ಟು ತೆಳುವಾದುದು ಎಂಬುದು ವಿದ್ಯಾವಂತರಲ್ಲೂ ಅನೇಕರಿಗೆ ತಿಳಿದಿಲ್ಲ.

1908ರ ನೋಂದಣಿ ಕಾಯ್ದೆಯ ಅಡಿಯಲ್ಲಿ ನೋಂದಣಿಯಾಗುವುದು ದಸ್ತಾವೇಜು. ಬರೆದುಕೊಟ್ಟವರು ತಾವೇ ಎಂದು ಒಪ್ಪಿಕೊಂಡರೇ, ಶುಲ್ಕ ಸಂದಾಯವಾಯಿತೇ ಎಂಬುದನ್ನು ಅಧಿಕಾರಿ ನೋಡುತ್ತಾರೆ. ಮಾರುವವರಿಗೆ ಮಾರುವ ಹಕ್ಕಿತ್ತೇ ಎಂಬುದನ್ನು ತೀರ್ಮಾನಿಸುವುದು ಅವರ ಕೆಲಸವಲ್ಲ. 2025ರ ಏಪ್ರಿಲ್‌ನಲ್ಲಿ ತಮಿಳುನಾಡಿನ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದೇ ಮಾತನ್ನು ಮತ್ತೊಮ್ಮೆ ಸ್ಪಷ್ಟಪಡಿಸಿತು. ಹಾಗಾದರೆ ಹಕ್ಕನ್ನು ಪರಿಶೀಲಿಸುವ ಹೊಣೆ ಯಾರದು? ಕೊಳ್ಳುವವನದೇ.

ಈ ಹೊಣೆಯ ಭಾರ ನನಗೆ ಚೆನ್ನಾಗಿ ಅರಿವಾದದ್ದು, ಬೆಂಗಳೂರಿನ ಉತ್ತರದ ಹೊರವಲಯದಲ್ಲಿ ತಂಗಿಯ ಮಗ ಮನೆಯೊಂದನ್ನು ಕೊಳ್ಳಲು ಮುಂದಾದಾಗ. ಮೂವತ್ತು–ನಲವತ್ತರ ನಿವೇಶನ, ಗಾಳಿ ಬೆಳಕಿನ ಮನೆ, ಸಭ್ಯ ಮಾಲೀಕರು. ದಲ್ಲಾಳಿ ತಂದ ಫೈಲಿನಲ್ಲಿ ಕ್ರಯಪತ್ರ, ಖಾತಾ ಪತ್ರ, ಕಂದಾಯ ರಸೀದಿ, ಹದಿಮೂರು ವರ್ಷಗಳ ಋಣಭಾರ ಪ್ರಮಾಣಪತ್ರ ಎಲ್ಲವೂ ಇದ್ದವು. ‘ಬ್ಯಾಂಕಿನವರೇ ಸಾಲ ಕೊಡಲು ಒಪ್ಪಿದ್ದಾರೆ ಮಾವ, ಇನ್ನೇನು ನೋಡೋದು?’ ಎಂಬುದು ಅವನ ಪ್ರಶ್ನೆ. ಬ್ಯಾಂಕಿನ ವಕೀಲರು ನೋಡುವುದು ತಮ್ಮ ಮುಂದೆ ಇಟ್ಟ ಕಾಗದಗಳನ್ನು. ಮನೆ ಕೈತಪ್ಪಿದರೂ ಸಾಲದ ಕಂತು ಕಟ್ಟಬೇಕಾದವನು ನೀನೇ ಎಂದೆ. ಒಂದು ತಿಂಗಳ ಕಾಲಾವಕಾಶ ಕೇಳಿ ಫೈಲನ್ನು ನಾನೇ ಇಟ್ಟುಕೊಂಡೆ.

ಆ ಫೈಲಿನ ಪ್ರತಿ ಕಾಗದವೂ ನಿಜವೇ ಆಗಿತ್ತು. ಆದರೆ ಪ್ರತಿಯೊಂದೂ ಹೇಳುತ್ತಿದ್ದುದು ಸತ್ಯದ ಒಂದು ತುಣುಕನ್ನು ಮಾತ್ರ. ಖಾತೆಯೆಂದರೆ ತೆರಿಗೆ ಕಟ್ಟುವವರು ಯಾರೆಂದು ಸ್ಥಳೀಯ ಸಂಸ್ಥೆ ಇಟ್ಟುಕೊಂಡ ಲೆಕ್ಕ. ಅದು ಮಾಲೀಕತ್ವದ ಪುರಾವೆಯಲ್ಲ. ಪಹಣಿಯಲ್ಲಿರುವ ಹೆಸರನ್ನು 1964ರ ಕರ್ನಾಟಕ ಭೂಕಂದಾಯ ಕಾಯ್ದೆಯು ತಪ್ಪೆಂದು ಸಾಬೀತಾಗುವವರೆಗೆ ಸರಿಯೆಂದು ಭಾವಿಸುತ್ತದೆ, ಅಷ್ಟೆ. ಋಣಭಾರ ಪ್ರಮಾಣಪತ್ರವಂತೂ ನೋಂದಣಿಯಾದ ವ್ಯವಹಾರಗಳ ಪಟ್ಟಿ. ವ್ಯವಹಾರಗಳಿದ್ದರೆ ನಮೂನೆ 15, ಇಲ್ಲದಿದ್ದರೆ ನಮೂನೆ 16. ನೋಂದಣಿಯಾಗದ ಕರಾರು, ನ್ಯಾಯಾಲಯದಲ್ಲಿರುವ ದಾವೆ, ಸರ್ಕಾರದ ಭೂಸ್ವಾಧೀನ ಅಧಿಸೂಚನೆ, ತಂದೆಯ ಆಸ್ತಿಯಲ್ಲಿ ಮಗಳ ಪಾಲು ಇವ್ಯಾವುವೂ ಅದರಲ್ಲಿ ಕಾಣಿಸಬೇಕೆಂದಿಲ್ಲ.

ಇನ್ನೊಂದು ಸೂಕ್ಷ್ಮವೂ ಇದೆ. ಈ ಪ್ರಮಾಣಪತ್ರ ಸಿದ್ಧವಾಗುವುದು ನಾವು ಅರ್ಜಿಯಲ್ಲಿ ಕೊಟ್ಟ ಸರ್ವೆ ನಂಬರ್, ನಿವೇಶನದ ಸಂಖ್ಯೆ, ಚಕ್ಕುಬಂದಿಗಳ ಆಧಾರದ ಮೇಲೆ. ಪೋಡಿಯಾಗಿ ಜಮೀನಿಗೆ ಹೊಸ ನಂಬರ್ ಬಂದಿದ್ದರೆ, ಹೊಸ ನಂಬರಿನ ಅಡಿಯಲ್ಲಿ ಹುಡುಕಿದಾಗ ಹಳೆಯ ವ್ಯವಹಾರಗಳು ಕಾಣದೆ ಹೋಗಬಹುದು. ನಾನು ಮೊದಲು ಮಾಡಿದ ಕೆಲಸ ಹಳೆಯ ಸರ್ವೆ ನಂಬರ್ ಪತ್ತೆ ಹಚ್ಚಿದ್ದು. ಆಮೇಲೆ ಎರಡೂ ನಂಬರುಗಳಿಗೆ ಮೂವತ್ತು ವರ್ಷಗಳ ವಿವರ ಕೇಳಿದ್ದು. 2004ರ ಏಪ್ರಿಲ್ 1ರಿಂದ ಈಚಿನ ವಿವರ ಕಾವೇರಿ ಜಾಲತಾಣದಲ್ಲಿ ಮನೆಯಲ್ಲೇ ಸಿಗುತ್ತದೆ. ಅದಕ್ಕೂ ಹಿಂದಿನದಕ್ಕೆ ಉಪನೋಂದಣಿ ಕಚೇರಿಯ ಮೆಟ್ಟಿಲು ಹತ್ತಲೇಬೇಕು.

ಅಲ್ಲಿಂದ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ ಅರ್ಜಿ ಹಾಕಿದೆ. 2000ದ ಸುಮಾರಿಗೆ ಬಂದ ‘ಭೂಮಿ’ ಯೋಜನೆಯಿಂದ ಪಹಣಿ ಗಣಕೀಕರಣಗೊಂಡಿತು. ಗ್ರಾಮಲೆಕ್ಕಿಗರ ಮರ್ಜಿ ಕಾಯುವ ಕಾಲ ಹೋಯಿತು. ಆದರೆ ಜಮೀನಿನ ಪೂರ್ವಚರಿತ್ರೆ ಇರುವುದು ಅದಕ್ಕೂ ಹಿಂದಿನ ಕೈಬರಹದ ಪಹಣಿಗಳಲ್ಲಿ, ಮ್ಯುಟೇಷನ್ ವಹಿಗಳಲ್ಲಿ. ಮೂರನೆಯ ಸಲ ಹೋದಾಗ ಪ್ರತಿಗಳು ಸಿಕ್ಕವು. ಮಾಸಿದ ಶಾಯಿಯಲ್ಲಿ, ಜಮೀನು ಆ ಕುಟುಂಬಕ್ಕೆ ಹೇಗೆ ಬಂತು ಎಂಬ ಕಡೆ ಇದ್ದದ್ದು ‘ದರಖಾಸ್ತು ಮಂಜೂರಾತಿ’ ಎಂಬ ಎರಡು ಪದಗಳು. ಮಂಜೂರಾತಿ ಪಡೆದದ್ದು ಪರಿಶಿಷ್ಟ ಜಾತಿಯ ಒಂದು ಕುಟುಂಬ. ಇಷ್ಟು ವರ್ಷ ಪರಭಾರೆ ಮಾಡಕೂಡದೆಂಬ ಷರತ್ತು ಅದಕ್ಕಿತ್ತು. ಆ ಅವಧಿ ಮುಗಿಯುವ ಮೊದಲೇ ಜಮೀನು ಕೈ ಬದಲಾಗಿತ್ತು. ಸರ್ಕಾರದ ಅನುಮತಿಯ ಸುಳಿವು ಎಲ್ಲೂ ಇರಲಿಲ್ಲ.

ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಕೆಲವು ಜಮೀನುಗಳ ಪರಭಾರೆ ನಿಷೇಧ ಕಾಯ್ದೆ ಬಂದದ್ದು 1978ರಲ್ಲಿ. ಮಂಜೂರಾತಿಯ ಷರತ್ತನ್ನು ಮುರಿದ ಮಾರಾಟ, ಅದು ಕಾಯ್ದೆಗಿಂತ ಮುಂಚಿನದಾದರೂ, ಅಸಿಂಧು. ಕಾಯ್ದೆಯ ನಂತರ ಸರ್ಕಾರದ ಪೂರ್ವಾನುಮತಿ ಇಲ್ಲದ ಮಾರಾಟವೂ ಅಸಿಂಧು. ಬಹಳ ತಡವಾಗಿ ಸಲ್ಲಿಸಿದ ಅರ್ಜಿಯನ್ನು ಪುರಸ್ಕರಿಸಲಾಗದು ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಅದನ್ನು ಮೀರಲೆಂದೇ ಕಾಲಮಿತಿ ಅನ್ವಯಿಸದೆಂಬ ತಿದ್ದುಪಡಿಯನ್ನು ರಾಜ್ಯದ ವಿಧಾನಮಂಡಲ 2023ರಲ್ಲಿ ತಂದಿತು. ನಮ್ಮ ಅಳಿಯ ಆ ಮನೆಯ ಆಸೆ ಬಿಟ್ಟ. ಮಾರಲು ಬಂದವರಿಗೂ ಈ ಸಂಗತಿ ತಿಳಿದಿರಲಿಲ್ಲ. ಅವರೂ ನಂಬಿ ಕೊಂಡವರೇ.

ಇಂಥ ಕಾಯ್ದೆಗಳನ್ನು ‘ಕಿರಿಕಿರಿ’ ಎಂದು ಗೊಣಗುವುದು ನಮ್ಮ ವರ್ಗದ ಅಭ್ಯಾಸ. ಆದರೆ ಆ ವಹಿಯ ಪುಟದಲ್ಲಿದ್ದುದು ನಮ್ಮ ಹಣದ ಪ್ರಶ್ನೆ ಮಾತ್ರವಲ್ಲ. ಮಗಳ ಮದುವೆಗೋ ಆಸ್ಪತ್ರೆಯ ಖರ್ಚಿಗೋ ಸಿಕ್ಕಷ್ಟಕ್ಕೆ ಜಮೀನು ಬಿಟ್ಟುಕೊಟ್ಟ ಎಷ್ಟೋ ಕುಟುಂಬಗಳ ರಕ್ಷಣೆಗೆಂದೇ ಈ ಕಾಯ್ದೆ ಹುಟ್ಟಿತು. ಬೆಂಗಳೂರಿನ ಬಡಾವಣೆಗಳು ಎದ್ದಿರುವುದು ಬರಡು ನೆಲದ ಮೇಲಲ್ಲ. ಗೋಮಾಳ, ಕೆರೆಯಂಗಳ, ಸ್ಮಶಾನ, ಬಡವರ ಹಿಡುವಳಿಗಳ ಮೇಲೆ. ಕೊಳ್ಳುವ ಮುನ್ನ ದಾಖಲೆ ಓದುವುದೆಂದರೆ ಇನ್ನೊಬ್ಬರ ನೆಲದ ಮೇಲೆ ನಮ್ಮ ಮನೆ ನಿಲ್ಲದಂತೆ ನೋಡಿಕೊಳ್ಳುವುದೂ ಹೌದು.

ಹೆಣ್ಣುಮಕ್ಕಳ ಹಕ್ಕಿನ ವಿಷಯದಲ್ಲೂ ಇದು ನಿಜ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಬಂದ ತಿದ್ದುಪಡಿ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಪಾಲು ಕೊಟ್ಟಿತು. ಆ ದಿನ ತಂದೆ ಬದುಕಿರಬೇಕೆಂದೇನೂ ಇಲ್ಲವೆಂದು 2020ರ ಆಗಸ್ಟ್‌ನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ನಡೆದ ವಿಭಾಗ, ಮಾರಾಟಗಳಿಗೆ ಮಾತ್ರ ಇದು ಅನ್ವಯಿಸದು. ಆದರೂ ‘ಅರಿಶಿನ ಕುಂಕುಮಕ್ಕೆಂದು ಕೊಟ್ಟಾಗಿದೆ’ ಎಂದು ಅಕ್ಕತಂಗಿಯರ ಹೆಸರನ್ನೇ ಬಿಟ್ಟು ವಂಶವೃಕ್ಷ ಬರೆಸುವವರು ಕಡಿಮೆಯಿಲ್ಲ. ಅಂಥ ವಂಶವೃಕ್ಷದ ಆಧಾರದ ಮೇಲೆ ಕೊಂಡವರು ಹತ್ತು ವರ್ಷದ ನಂತರ ಪಾಲು ಕೇಳಿದ ದಾವೆಯಲ್ಲಿ ಪ್ರತಿವಾದಿಯಾಗುತ್ತಾರೆ. ಅಪ್ರಾಪ್ತರ ಪಾಲು ಮಾರಿದ್ದರೆ ನ್ಯಾಯಾಲಯದ ಅನುಮತಿ ಇತ್ತೇ ಎಂಬುದನ್ನೂ ಕೇಳಬೇಕು. ಮಾರುವವರ ಹೆಸರಿನಲ್ಲಿ ದಾವೆಗಳಿವೆಯೇ ಎಂದು ಇ-ಕೋರ್ಟ್ಸ್ ತಾಣದಲ್ಲಿ ಹುಡುಕಲು ಅರ್ಧ ಗಂಟೆ ಸಾಕು.

ಕಾಗದಗಳೆಲ್ಲ ಸರಿಯಿದ್ದು ನಕ್ಷೆ ತಪ್ಪಿದ್ದರೆ ಏನಾದೀತು ಎಂಬುದನ್ನು ನಗರ 2016ರ ಆಗಸ್ಟ್‌ನಲ್ಲಿ ಕಂಡಿತು. ರಾಜಕಾಲುವೆ ಒತ್ತುವರಿ ತೆರವಿನ ಹೆಸರಿನಲ್ಲಿ ಅವನಿ ಶೃಂಗೇರಿನಗರ ಸೇರಿದಂತೆ ಹಲವೆಡೆ ಮನೆಗಳು ನೆಲಸಮವಾದವು. ಅಲ್ಲಿನ ನಿವಾಸಿಗಳು ಕ್ರಯಪತ್ರ, ಖಾತೆ, ತೆರಿಗೆ ರಸೀದಿ, ಬ್ಯಾಂಕ್ ಸಾಲದ ಕಾಗದಗಳನ್ನು ಹಿಡಿದೇ ಜೆಸಿಬಿಯ ಮುಂದೆ ನಿಂತಿದ್ದರು. ಹಳೆಯ ಗ್ರಾಮನಕ್ಷೆಯ ಒಂದು ಗೆರೆಯ ಮುಂದೆ ಅವ್ಯಾವುವೂ ನಡೆಯಲಿಲ್ಲ. ಈಗ ಗ್ರಾಮನಕ್ಷೆಗಳು ಭೂದಾಖಲೆಗಳ ಇಲಾಖೆಯ ತಾಣದಲ್ಲಿವೆ. ‘ದಿಶಾಂಕ್’ ಆ್ಯಪ್ ತೆರೆದು ನಿವೇಶನದ ಮೇಲೆ ನಿಂತರೆ ಸರ್ವೆ ನಂಬರ್ ಯಾವುದು, ಪಕ್ಕದಲ್ಲಿ ಕೆರೆಯೋ ಕಾಲುವೆಯೋ ಇದೆಯೇ ಎಂಬುದು ಗೊತ್ತಾಗುತ್ತದೆ. ಅದು ಸರ್ವೆಗೆ ಬದಲಿಯಲ್ಲ. ಆದರೆ ಸರ್ವೆಯರ್ ಕರೆಸಬೇಕೇ ಎಂದು ತಿಳಿಯಲು ಸಾಕು.

ಸರ್ಕಾರದ ಅಧಿಸೂಚನೆಗಳ ಕಥೆ ಇನ್ನೂ ಜಟಿಲ. ಡಾ. ಶಿವರಾಮ ಕಾರಂತ ಬಡಾವಣೆಗಾಗಿ ಬಿಡಿಎ 2008ರ ಡಿಸೆಂಬರ್‌ನಲ್ಲಿ 17 ಹಳ್ಳಿಗಳ 3,546 ಎಕರೆಗೆ ಪ್ರಾಥಮಿಕ ಅಧಿಸೂಚನೆ ಹೊರಡಿಸಿತು. ಮುಂದೆ ಹೈಕೋರ್ಟ್ ಅದನ್ನು ರದ್ದುಗೊಳಿಸಿತು. 2018ರ ಆಗಸ್ಟ್ 3ರಂದು ಸುಪ್ರೀಂ ಕೋರ್ಟ್ ಯೋಜನೆಗೆ ಮರಳಿ ಜೀವ ಕೊಟ್ಟಿತು. ಈ ನಡುವಣ ದಶಕದಲ್ಲಿ ಅಲ್ಲಿ ನಿವೇಶನ ಕೊಂಡು ಮನೆ ಕಟ್ಟಿದ ಸಾವಿರಾರು ಕುಟುಂಬಗಳು ಅತಂತ್ರವಾದವು. ಅವರ ಅಹವಾಲು ಪರಿಶೀಲಿಸಲು 2020ರ ಡಿಸೆಂಬರ್‌ನಲ್ಲಿ ನ್ಯಾಯಮೂರ್ತಿ ಎ.ವಿ. ಚಂದ್ರಶೇಖರ್ ಸಮಿತಿಯನ್ನೇ ರಚಿಸಬೇಕಾಯಿತು. ಅಧಿಸೂಚನೆ ರಾಜ್ಯಪತ್ರದಲ್ಲಿತ್ತು, ನಿಜ. ರಾಜ್ಯಪತ್ರ ಓದಿ ಮನೆ ಕೊಳ್ಳುವವರು ಎಷ್ಟು ಮಂದಿ?

ವ್ಯವಸ್ಥೆ ಸುಧಾರಿಸಿಲ್ಲ ಎಂದರೆ ಅನ್ಯಾಯವಾದೀತು. 2011ರಲ್ಲಿ ಸುಪ್ರೀಂ ಕೋರ್ಟ್ ಜಿಪಿಎ ಮೂಲಕ ಮಾಡುವ ‘ಮಾರಾಟ’ದಿಂದ ಹಕ್ಕು ವರ್ಗವಾಗದೆಂದು ಖಡಾಖಂಡಿತವಾಗಿ ಹೇಳಿತು. 2016ರ ರೇರಾ ಕಾಯ್ದೆಯಿಂದಾಗಿ ನೋಂದಾಯಿತ ವಸತಿ ಯೋಜನೆಗಳ ಹಕ್ಕುಪತ್ರ, ಮಂಜೂರಾದ ನಕ್ಷೆಗಳನ್ನು ಯಾರು ಬೇಕಾದರೂ ನೋಡಬಹುದು. 2024ರ ಅಕ್ಟೋಬರ್‌ನಿಂದ ಬೆಂಗಳೂರಿನಲ್ಲಿ ನೋಂದಣಿಗೆ ಇ-ಖಾತೆ ಕಡ್ಡಾಯವಾಗಿದೆ. ತಾಲ್ಲೂಕು ಕಚೇರಿಗಳ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡುವ ‘ಭೂ ಸುರಕ್ಷಾ’ ಯೋಜನೆಯೂ ಬಂದಿದೆ. ಎರಡು ಪದಗಳಿಗಾಗಿ ಮೂರು ಸಲ ಅಲೆದ ನನ್ನಂಥವರಿಗೆ ಇದರ ಬೆಲೆ ಗೊತ್ತು.

ಆದರೆ ಮೂಲಪ್ರಶ್ನೆ ಉಳಿದೇ ಇದೆ. 45 ಲಕ್ಷ ರೂಪಾಯಿ ಮೀರಿದ ಆಸ್ತಿಗೆ ರಾಜ್ಯ ಶೇ 5ರಷ್ಟು ಮುದ್ರಾಂಕ ಶುಲ್ಕ, ಅದರ ಮೇಲೆ ಸೆಸ್ ಪಡೆಯುತ್ತದೆ. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರಿಂದ ಶೇ 2ಕ್ಕೆ ಏರಿದೆ. ಇಷ್ಟನ್ನು ಪಡೆದ ಮೇಲೂ ‘ಹಕ್ಕು ಇದೆಯೋ ಇಲ್ಲವೋ ನೀವೇ ನೋಡಿಕೊಳ್ಳಿ’ ಎನ್ನುವುದು ಎಷ್ಟು ಸರಿ? ದಕ್ಷಿಣ ಆಸ್ಟ್ರೇಲಿಯಾದಲ್ಲಿ ರಾಬರ್ಟ್ ಟಾರೆನ್ಸ್ 1858ರಷ್ಟು ಹಿಂದೆಯೇ ಬೇರೆ ದಾರಿ ತೋರಿಸಿದ. ಅಲ್ಲಿ ಸರ್ಕಾರದ ವಹಿಯಲ್ಲಿರುವ ಹೆಸರೇ ಹಕ್ಕು. 2008ರಲ್ಲಿ ಆರಂಭವಾದ ನಮ್ಮ ರಾಷ್ಟ್ರೀಯ ಭೂದಾಖಲೆ ಆಧುನೀಕರಣ ಕಾರ್ಯಕ್ರಮವೂ ಖಚಿತ ಹಕ್ಕಿನ ವ್ಯವಸ್ಥೆಯನ್ನೇ ಗುರಿಯೆಂದು ಸಾರಿತ್ತು. ಅಲ್ಲಿಗೆ ತಲುಪಲು ಬಹಳ ಕಾಲ ಹಿಡಿದೀತು. ಅಷ್ಟರಲ್ಲಿ ಒಂದು ಕೆಲಸವನ್ನಾದರೂ ಮಾಡಬಹುದು: ಕಂದಾಯ, ನೋಂದಣಿ, ಸರ್ವೆ, ಬಿಡಿಎ, ನಗರಪಾಲಿಕೆ, ನ್ಯಾಯಾಲಯಗಳಲ್ಲಿ ಚದುರಿಹೋಗಿರುವ ಮಾಹಿತಿಯನ್ನು ಒಂದೇ ಸರ್ವೆ ನಂಬರಿನ ಅಡಿಯಲ್ಲಿ ತಂದು, ಸಹಿ ಹಾಕುವ ಮುನ್ನ ಕೊಳ್ಳುವವರ ಮುಂದಿಡುವುದು. ಮಂಜೂರಾತಿ ಜಮೀನು, ಸ್ವಾಧೀನ ಅಧಿಸೂಚನೆ, ರಾಜಕಾಲುವೆ ಈ ಮೂರು ಎಚ್ಚರಿಕೆಗಳು ಋಣಭಾರ ಪ್ರಮಾಣಪತ್ರದ ಮೇಲೆಯೇ ಮೂಡಿದರೂ ಸಾವಿರಾರು ಸಂಸಾರಗಳು ಉಳಿಯುತ್ತವೆ.

ಆ ದಿನ ಬರುವವರೆಗೆ ನಮ್ಮ ಕಾವಲು ನಮ್ಮದೇ. ಮುಂಗಡ ಕೊಡುವ ಮುನ್ನ ಒಂದು ತಿಂಗಳು ಕೇಳಿ. ಆ ತಿಂಗಳನ್ನು ಕೊಡಲೊಪ್ಪದ ಮಾರಾಟಗಾರನ ಅವಸರವೇ ಮೊದಲ ಎಚ್ಚರಿಕೆ ಎಂದು ತಿಳಿಯಿರಿ. ಸಾರ್ವಜನಿಕ ದಾಖಲೆಗಳನ್ನು ಸಾರ್ವಜನಿಕರೇ ಓದದಿದ್ದರೆ, ಅವುಗಳನ್ನು ಓದಬಲ್ಲವರು ದಲ್ಲಾಳಿಗಳು ಮಾತ್ರವಾಗುತ್ತಾರೆ.